ಕೆಂಪು ದೀಪ ಹೊತ್ತಿದರೆ ಹದಿನಾಲ್ಕು ಕಿಲೋಮೀಟರೂ ದೂರವೇ

ರಾಣೆಬೆನ್ನೂರಿನಲ್ಲಿ ಮದುವೆ ಊಟ ಮುಗಿಸಿಕೊಂಡು ದಾವಣಗೆರೆಗೆ ವಾಪಸಾಗುತ್ತಿದ್ದೆವು. ಹರಿಹರದ ಹತ್ತಿರ ತುಂಗಭದ್ರೆಯ ಸೇತುವೆ ದಾಟಿದ್ದೇ ತಡ, ಸ್ಟೀರಿಂಗ್ ಹಿಂದೆ ಎಣ್ಣೆ ಗಿಂಡಿಯ ಆಕಾರದ ಸಣ್ಣ ಕೆಂಪು ದೀಪವೊಂದು ಹೊತ್ತಿಕೊಂಡಿತು. ಗಾಡಿಯ ಓಟದಲ್ಲಿ ವ್ಯತ್ಯಾಸವಿಲ್ಲ, ಸದ್ದಿನಲ್ಲಿ ವ್ಯತ್ಯಾಸವಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆ ಹೋಗಿದ್ದರು. ಇನ್ನು ಹದಿನಾಲ್ಕೇ ಕಿಲೋಮೀಟರ್ ತಾನೇ, ಊರು ಮುಟ್ಟಿಸಿ ಬೆಳಿಗ್ಗೆ ಗ್ಯಾರೇಜಿಗೆ ಬಿಟ್ಟರಾಯಿತು ಎಂದುಕೊಂಡು ನಾನು ಓಡಿಸುತ್ತಲೇ ಹೋದೆ. ದೊಡ್ಡಬಾತಿ ಇನ್ನೇನು ಬರಬೇಕು ಎನ್ನುವಷ್ಟರಲ್ಲಿ ಬಾನೆಟ್ ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಟಕಟಕ ಸದ್ದು ಶುರುವಾಯಿತು. ಒಂದೆರಡು ನಿಮಿಷದಲ್ಲಿ ಇಂಜಿನ್ ಬಿಗಿದುಕೊಂಡು ನಿಂತೇಬಿಟ್ಟಿತು. ಆಮೇಲೆ ಎಷ್ಟು ಸಲ ಕೀ ತಿರುಗಿಸಿದರೂ ಅದು ಅಲುಗಾಡಲಿಲ್ಲ.

ಮದುವೆ ಮನೆಯಿಂದ ಹೊರಟು ಬರುವಾಗ ಹಳ್ಳಿಯೊಂದರ ರಸ್ತೆ ಉಬ್ಬಿಗೆ ಗಾಡಿಯ ಹೊಟ್ಟೆ ತಗುಲಿತ್ತು. ಗ್ಯಾರೇಜಿನವರು ಚೇಂಬರ್ ಎನ್ನುವ ಎಣ್ಣೆ ತೊಟ್ಟಿ ಸಣ್ಣಗೆ ಬಿರುಕು ಬಿಟ್ಟು, ದಾರಿಯುದ್ದಕ್ಕೂ ಎಣ್ಣೆ ಸೋರಿಹೋಗಿತ್ತು. ಮಾರನೇ ದಿನ ಅಪ್ಪ ಕೇಳಿದ್ದು ಎರಡೇ ಪ್ರಶ್ನೆ.

"ಲೈಟ್ ಬಂದಾಗ ಎಲ್ಲಿದ್ದೆ?"

"ಹೊಳೆ ದಾಟಿದ್ದೆ."

"ನಿಂತಿದ್ದೆಲ್ಲಿ?"

"ಬಾತಿ ಹತ್ರ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಳೆ ಹತ್ರಾನೇ ಕೀ ತಿರುಗಿಸಿದ್ರೆ ಒಂದು ಚೇಂಬರ್ ಖರ್ಚಲ್ಲಿ ಮುಗೀತಿತ್ತಪ್ಪ" ಎಂದರು.

ಅವರು ಹರಿಹರದ ಕಾರ್ಖಾನೆಯಲ್ಲಿ ಲೇತ್ ಮೇಲೆ ನಿಂತು ದುಡಿದವರು. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಹರಿಹರವನ್ನು ಲೇತ್ ತಯಾರಿಸುವ ಊರೆಂದು ದೇಶಕ್ಕೆ ಪರಿಚಯಿಸಿತು. ಲೇತಿನ ಹೆಡ್‌ಸ್ಟಾಕಿನಲ್ಲಿ ಎಣ್ಣೆಯ ಮಟ್ಟ ಕಾಣುವ ಪುಟ್ಟ ಗಾಜಿನ ಕಣ್ಣೊಂದು ಇರುತ್ತದೆ. ಪಳಗಿದ ಕೆಲಸಗಾರ ಸ್ವಿಚ್ಚಿಗೆ ಕೈ ಹಾಕುವ ಮೊದಲು ಆ ಕಣ್ಣನ್ನು ನೋಡುತ್ತಾನೆ. ಎಣ್ಣೆ ಕಾಣದಿದ್ದರೆ ಸ್ವಿಚ್ ಒತ್ತುವುದಿಲ್ಲ, ಅಷ್ಟೇ. ಅಂಥ ಶಿಸ್ತು ಕಂಡ ಸೀಮೆಯವರಾದ ನಾವು ಕಾರಿನಲ್ಲಿ ಕುಳಿತಾಗ ಮಾತ್ರ ಅದನ್ನು ಮರೆಯುತ್ತೇವೆ. ದಾವಣಗೆರೆ ಮತ್ತು ಹರಿಹರದ ನಡುವಿನ ಹದಿನಾಲ್ಕು ಕಿಲೋಮೀಟರ್ ಮನುಷ್ಯರ ಲೆಕ್ಕದಲ್ಲಿ ಒಂದು ಹರಟೆಯಷ್ಟು ದೂರ. ಎಣ್ಣೆಯಿಲ್ಲದ ಇಂಜಿನ್ನಿಗೆ ಅದು ಮುಗಿಯದ ದಾರಿ. ಇಂದಿನ ಅಂಕಣ ಇರುವುದು ಅದಕ್ಕಾಗಿಯೇ.

ಮೊದಲು ಬಣ್ಣ, ಆಮೇಲೆ ಚಿತ್ರ

ಡ್ಯಾಶ್‌ಬೋರ್ಡಿನ ಚಿತ್ರಗಳನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಮೊದಲು ಬಣ್ಣ ನೋಡಿ. ಕೆಂಪು ಎಂದರೆ ಈಗಲೇ ಗಮನ ಕೊಡಿ, ಓಡುತ್ತಿರುವ ಗಾಡಿಯಾದರೆ ನಿಲ್ಲಿಸಿ. ಹಳದಿ ಎಂದರೆ ಎಲ್ಲೋ ತೊಂದರೆ ಇದೆ, ನಿಧಾನವಾಗಿ ಹೋಗಿ ಬೇಗ ತೋರಿಸಿ. ಹಸಿರು, ನೀಲಿ ಎಂದರೆ ಯಾವುದೋ ಒಂದು ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂಬ ಮಾಹಿತಿ ಅಷ್ಟೇ. ಕಾರು ಜಪಾನಿನ ಕಂಪನಿಯದಿರಲಿ, ಕೊರಿಯಾದ್ದಿರಲಿ, ನಮ್ಮ ದೇಶದ್ದೇ ಇರಲಿ, ಚಿತ್ರಗಳು ಹೆಚ್ಚೂಕಡಿಮೆ ಒಂದೇ. ಐಎಸ್ಒ 2575 ಎಂಬ ಅಂತರರಾಷ್ಟ್ರೀಯ ಮಾನದಂಡ ಅವುಗಳ ಆಕಾರವನ್ನು ಗೊತ್ತು ಮಾಡಿದೆ. ಇಂಗ್ಲಿಷ್ ಓದಲು ಬಾರದ ಚಾಲಕನಿಗೂ ತಿಳಿಯಲಿ ಎಂದೇ ಅಕ್ಷರದ ಜಾಗದಲ್ಲಿ ಚಿತ್ರ ಬಂದದ್ದು.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಇಂಥ ದೀಪಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಈಗ ಹೊಸ ಕಾರಿನ ಕೀ ತಿರುಗಿಸಿದರೆ ಡಜನ್ ಮೇಲೆ ದೀಪಗಳು ಒಟ್ಟಿಗೆ ಬೆಳಗುತ್ತವೆ. ಕಾನೂನು ಬದಲಾದಂತೆ ದೀಪಗಳೂ ಹೆಚ್ಚಿದವು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಅದೇ ವರ್ಷ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ನೆನಪಿಸುವ ವ್ಯವಸ್ಥೆ ಕಡ್ಡಾಯವಾದವು. 2020ರ ಏಪ್ರಿಲ್ 1ರಿಂದ ಬಿಎಸ್ 6 ಎಂಬ ಹೊಗೆ ಮಿತಿಯ ನಿಯಮ ಬಂತು, ಹೊಗೆ ನಿಯಂತ್ರಿಸುವ ಭಾಗಗಳು ಹೆಚ್ಚಾದವು. ಒಂದೊಂದು ವ್ಯವಸ್ಥೆಯೂ ಕೆಟ್ಟಾಗ ಹೇಳಿಕೊಳ್ಳಲು ಒಂದೊಂದು ದೀಪ ಇಟ್ಟುಕೊಂಡಿದೆ.

ಎಣ್ಣೆ ಗಿಂಡಿ: ಇದಕ್ಕೆ ರಿಯಾಯಿತಿ ಇಲ್ಲ

ಎಲ್ಲ ದೀಪಗಳಲ್ಲಿ ಮೊದಲ ಸ್ಥಾನ ಎಣ್ಣೆ ಗಿಂಡಿಗೆ. ಎಣ್ಣೆ ಸ್ವಲ್ಪ ಕಡಿಮೆಯಾದರೆ ಈ ದೀಪ ಬರುತ್ತದೆ, ಆಗ ಹಾಕಿಸಿದರಾಯಿತು ಎಂದು ಬಹಳ ಜನ ತಿಳಿದಿದ್ದಾರೆ. ಬಹುಪಾಲು ಕಾರುಗಳಲ್ಲಿ ಈ ದೀಪ ಎಣ್ಣೆಯ ಮಟ್ಟವನ್ನು ಅಳೆಯುವುದೇ ಇಲ್ಲ, ಅಳೆಯುವುದು ಎಣ್ಣೆಯ ಒತ್ತಡವನ್ನು. ಅಂದರೆ ದೀಪ ಹೊತ್ತುವ ಹೊತ್ತಿಗೆ ಎಣ್ಣೆ ತಲುಪಬೇಕಾದ ಕಡೆಗೆ ತಲುಪುವುದು ನಿಲ್ಲುತ್ತಾ ಬಂದಿರುತ್ತದೆ.

ಇಂಜಿನ್ನಿನ ಒಳಗೆ ಕ್ರ್ಯಾಂಕ್ ಎಂಬ ದಂಡ ಬೇರಿಂಗ್‌ಗಳ ನಡುವೆ ತಿರುಗುತ್ತದೆ. ಎರಡೂ ಲೋಹವೇ. ಅವು ಒಂದಕ್ಕೊಂದು ತಾಗದಂತೆ ತಡೆಯುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪದರ. ಆ ಪದರ ಉಳಿಯಬೇಕಾದರೆ ಪಂಪು ಒತ್ತಡ ಕೊಡುತ್ತಲೇ ಇರಬೇಕು. ಟಾಪ್ ಗೇರಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರಿನ ಇಂಜಿನ್ ನಿಮಿಷಕ್ಕೆ ಸುಮಾರು 2000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ ಒಂದು ಕಿಲೋಮೀಟರ್. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ನಿಮಿಷ, 28 ಸಾವಿರ ಸುತ್ತು. ಎಣ್ಣೆಯ ಪದರವಿಲ್ಲದೆ ಲೋಹಕ್ಕೆ ಲೋಹ ಉಜ್ಜಿ 28 ಸಾವಿರ ಸುತ್ತು ಹಾಕು ಎಂದು ನಾವು ಇಂಜಿನ್ನಿಗೆ ಹೇಳುತ್ತಿದ್ದೇವೆ. ನನ್ನ ಗಾಡಿಯ ಇಂಜಿನ್ನಿಗೆ ಅಷ್ಟನ್ನು ಪೂರೈಸಲಾಗಲಿಲ್ಲ.

ಹಾಗಾಗಿ ಈ ದೀಪ ಬಂದರೆ ಎಡಕ್ಕೆ ತೆಗೆದು, ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಸಮತಟ್ಟಾದ ಜಾಗದಲ್ಲಿ ಐದಾರು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಹಾಕಿ ಎಳೆದು ನೋಡಿ. ಎಣ್ಣೆ ಕೆಳಗಿನ ಗುರುತಿಗಿಂತ ಕೆಳಗಿದ್ದರೆ ಅದೇ ದರ್ಜೆಯ ಎಣ್ಣೆ ತರಿಸಿ ಹಾಕಿ. ಗಾಡಿಯ ಕೆಳಗೆ ಸೋರುತ್ತಿದ್ದರೆ, ಅಥವಾ ಮಟ್ಟ ಸರಿಯಿದ್ದೂ ದೀಪ ಹೋಗದಿದ್ದರೆ, ಇಂಜಿನ್ ಮತ್ತೆ ಶುರು ಮಾಡಬೇಡಿ. ಟೋ ಮಾಡಿಸಿ. ಟೋ ಗಾಡಿಗೆ ಕೊಡುವ ಹಣ ಎಷ್ಟೇ ಆಗಲಿ, ಇಂಜಿನ್ ಬಿಚ್ಚಿ ಕ್ರ್ಯಾಂಕ್, ಬೇರಿಂಗ್ ಬದಲಿಸುವ ಖರ್ಚಿನ ಮುಂದೆ ಅದು ಸಣ್ಣ ಮೊತ್ತ. ಇದನ್ನು ಹಣ ಕೊಟ್ಟು ಕಲಿತವನಾಗಿ ಹೇಳುತ್ತಿದ್ದೇನೆ.

ಥರ್ಮಾಮೀಟರ್ ಚಿತ್ರ ಮತ್ತು ಮೇ ತಿಂಗಳ ಬಿಸಿಲು

ಅಲೆಗಳ ಮೇಲೆ ಥರ್ಮಾಮೀಟರ್ ನಿಂತಂತಿರುವ ಚಿತ್ರ ಇಂಜಿನ್ ಬಿಸಿಯದು. ಕೆಲವು ಕಾರುಗಳಲ್ಲಿ ಮುಳ್ಳಿನ ಮೀಟರ್ ಇರುವುದಿಲ್ಲ. ಅವುಗಳಲ್ಲಿ ಬೆಳಿಗ್ಗೆ ಶುರು ಮಾಡಿದಾಗ ಇದೇ ಚಿತ್ರ ನೀಲಿಯಲ್ಲಿ ಕಂಡು ಆಮೇಲೆ ಆರುತ್ತದೆ. ನೀಲಿ ಎಂದರೆ ಇಂಜಿನ್ ಇನ್ನೂ ಬೆಚ್ಚಗಾಗಿಲ್ಲ, ಜೋರಾಗಿ ಓಡಿಸಬೇಡಿ ಎಂದು. ಕೆಂಪಾದರೆ ಕುದಿಯುತ್ತಿದೆ ಎಂದು.

ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಇದು ಹೆಚ್ಚಾಗಿ ಕಾಣಿಸುವ ದೀಪ. ಅದು ಎಲ್ಲಿ ಹೊತ್ತಿತು ಎಂಬುದರಿಂದಲೇ ಕಾಯಿಲೆಯ ಅರ್ಧ ಸುಳಿವು ಸಿಗುತ್ತದೆ. ದಾವಣಗೆರೆಯಲ್ಲಿ ರೈಲ್ವೆ ಗೇಟ್ ಬಿದ್ದಾಗ ಎಸಿ ಹಾಕಿಕೊಂಡು ಕಾದವರಿಗೆ ಗೊತ್ತು, ನಿಂತ ಗಾಡಿಗೆ ಗಾಳಿ ಬಡಿಯುವುದಿಲ್ಲ, ರೇಡಿಯೇಟರ್ ತಣ್ಣಗಾಗಲು ಫ್ಯಾನೇ ಗತಿ. ನಿಂತಾಗ ಬಿಸಿ ಏರಿ, ಓಡಿದಾಗ ಇಳಿದರೆ ಫ್ಯಾನ್, ಅದರ ಫ್ಯೂಸ್ ಅಥವಾ ರಿಲೇ ಮೇಲೆ ಅನುಮಾನ ಪಡಿ. ಹೆದ್ದಾರಿಯಲ್ಲಿ ಗಾಳಿ ಚೆನ್ನಾಗಿ ಬಡಿಯುತ್ತಿದ್ದರೂ ಬಿಸಿ ಏರಿದರೆ ಇಂಜಿನ್ ತಂಪಾಗಿಸುವ ದ್ರವವಾದ ಕೂಲೆಂಟ್ ಸೋರಿರಬಹುದು, ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು, ವಾಟರ್ ಪಂಪ್ ಕೆಟ್ಟಿರಬಹುದು. ಮೆಕ್ಯಾನಿಕ್‌ಗೆ "ಗಾಡಿ ಹೀಟ್ ಆಯ್ತು" ಎಂದಷ್ಟೇ ಹೇಳದೆ, "ಗೇಟಲ್ಲಿ ನಿಂತಾಗ ಆಯ್ತು, ಓಡಿದ ಮೇಲೆ ಇಳೀತು" ಎಂದು ಹೇಳಿ. ಅವರ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಮುಳ್ಳು ಮೇಲೇರುವುದು ಕಂಡ ಕೂಡಲೇ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಕಿಟಕಿ ತೆಗೆಯಿರಿ. ಒಳಗಿದ್ದವರಿಗೆ ಕಷ್ಟವಾದರೂ ಇಂಜಿನ್ನಿನ ಬಿಸಿ ಸ್ವಲ್ಪ ಕ್ಯಾಬಿನ್ನಿಗೆ ಹರಿದು, ಸುರಕ್ಷಿತ ಜಾಗ ತಲುಪುವಷ್ಟು ಬಿಡುವು ಸಿಗುತ್ತದೆ. ಕೆಂಪು ದೀಪವೇ ಬಂದರೆ ನಿಲ್ಲಿಸಿ. ಮುಳ್ಳು ಕೆಂಪಿನವರೆಗೆ ಹೋಗಿ ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಸಮಾಧಾನಪಡಬೇಡಿ. ಕೂಲೆಂಟ್ ಪೂರ್ತಿ ಖಾಲಿಯಾದಾಗ ಸೆನ್ಸರ್ ಸುತ್ತ ದ್ರವವೇ ಇಲ್ಲದೆ ಅದು ತಪ್ಪು ಲೆಕ್ಕ ಹೇಳುವುದುಂಟು.

ಇಲ್ಲಿ ಕೈಮುಗಿದು ಹೇಳುವ ಮಾತೊಂದಿದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಪ್ರೆಶರ್ ಕುಕ್ಕರಿನ ಹಾಗೆ ಅದರೊಳಗೆ ಒತ್ತಡ ಇರುತ್ತದೆ. ಆ ಒತ್ತಡದಿಂದಾಗಿ ಕೂಲೆಂಟ್ ಸುಮಾರು 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಅಷ್ಟೂ ಒಟ್ಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಕಾಯಿರಿ. ಮೇಲಿನ ಹೋಸ್ ಪೈಪ್ ಕೈಗೆ ತಣ್ಣಗೆ ತಾಗಿದ ಮೇಲೆ, ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತೆಗೆಯಿರಿ. ತುರ್ತಿಗೆ ಕುಡಿಯುವ ನೀರು ಹಾಕಿದರೆ ತೊಂದರೆಯಿಲ್ಲ. ಆದರೆ ಬೋರ್‌ವೆಲ್ಲಿನ ಗಡಸು ನೀರನ್ನೇ ವರ್ಷಗಟ್ಟಲೆ ಹಾಕುತ್ತಾ ಹೋದರೆ ಮನೆಯ ಗೀಸರಿನಲ್ಲಿ ಕಟ್ಟುವ ಬಿಳಿ ಪದರ ರೇಡಿಯೇಟರಿನಲ್ಲೂ ಕಟ್ಟುತ್ತದೆ. ಊರಿಗೆ ಬಂದ ಮೇಲೆ ತೊಳೆಸಿ ಕೂಲೆಂಟ್ ತುಂಬಿಸಿ.

ಬ್ಯಾಟರಿ ಮತ್ತು ಬ್ರೇಕ್

ಬ್ಯಾಟರಿ ಚಿತ್ರ ಕೆಂಪಗೆ ಹೊತ್ತಿದರೆ ಬ್ಯಾಟರಿ ಹಾಳಾಗಿದೆ ಎಂದು ಅರ್ಥವಲ್ಲ. ಅದಕ್ಕೆ ಚಾರ್ಜ್ ಆಗುತ್ತಿಲ್ಲ ಎಂದರ್ಥ. ನಮ್ಮಲ್ಲಿ ಈಗಲೂ ಡೈನಮೋ ಎಂದೇ ಕರೆಯುವ ಆಲ್ಟರ್ನೇಟರ್ ಕೆಟ್ಟಿರಬಹುದು, ಅಥವಾ ಅದನ್ನು ತಿರುಗಿಸುವ ಬೆಲ್ಟ್ ಹರಿದಿರಬಹುದು. ಎಷ್ಟೋ ಇಂಜಿನ್‌ಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ಆದ್ದರಿಂದ ಮೊದಲು ನಿಲ್ಲಿಸಿ ಬಾನೆಟ್ ತೆಗೆದು ಬೆಲ್ಟ್ ನೋಡಿ. ಬೆಲ್ಟ್ ಇಲ್ಲದಿದ್ದರೆ ಮುಂದೆ ಹೋಗಬೇಡಿ, ಇಂಜಿನ್ ಕುದಿಯುತ್ತದೆ. ಬೆಲ್ಟ್ ಸರಿಯಿದ್ದರೆ ಎಸಿ, ಸ್ಟೀರಿಯೋ ಆಫ್ ಮಾಡಿ ಹತ್ತಿರದ ಎಲೆಕ್ಟ್ರಿಷಿಯನ್ ಬಳಿಗೆ ಹಗಲಿನಲ್ಲಿ ಹೋಗಬಹುದು. ನಡುವೆ ಆಫ್ ಮಾಡಿದರೆ ಮತ್ತೆ ಸೆಲ್ಫ್ ಎತ್ತದಿರಬಹುದು. ರಾತ್ರಿಯಾದರೆ ಹೆಡ್‌ಲೈಟ್ ಬ್ಯಾಟರಿಯನ್ನು ಬೇಗ ಹೀರಿಬಿಡುತ್ತದೆ, ಆ ಸಾಹಸ ಬೇಡ.

ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಕೆಂಪು ದೀಪ ಬ್ರೇಕಿನದು. ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಇಳಿದಿದ್ದೂ ದೀಪ ಇದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು. ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ಇಳಿಯುತ್ತದೆ, ಪೈಪ್ ಸೋರಿದರೂ ಇಳಿಯುತ್ತದೆ. ಪೆಡಲ್ ಎಂದಿಗಿಂತ ಆಳಕ್ಕೆ ಇಳಿದರೆ, ಮೆತ್ತಗಾದರೆ, ಗಾಡಿಯನ್ನು ಒಂದು ಅಡಿಯೂ ಓಡಿಸಬೇಡಿ. ಎಬಿಎಸ್ ಎಂಬ ಹಳದಿ ದೀಪ ಒಂದೇ ಇದ್ದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ. ಜೋರಾಗಿ ಒತ್ತಿದಾಗ ಚಕ್ರ ಕಚ್ಚಿ ಜಾರಬಹುದು ಅಷ್ಟೇ. ಕೆಂಪು ಬ್ರೇಕ್ ದೀಪ, ಹಳದಿ ಎಬಿಎಸ್ ದೀಪ ಎರಡೂ ಒಟ್ಟಿಗೆ ಬಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ವ್ಯವಸ್ಥೆಯೇ ಕೈಕೊಟ್ಟಿರಬಹುದು. ಆಗಲೂ ನಿಲ್ಲಿಸುವುದೇ ಸರಿ.

ಹಳದಿ ಎಂದು ಮರೆಯಬೇಡಿ

ಇಂಜಿನ್ನಿನ ಆಕಾರದ ಹಳದಿ ದೀಪ ಜನರನ್ನು ಹೆಚ್ಚು ಗೊಂದಲಕ್ಕೆ ಕೆಡಹುತ್ತದೆ. ಇದರ ಹಿಂದೆ ಓಬಿಡಿ ಎಂಬ ಸ್ವಯಂ ತಪಾಸಣೆ ಇದೆ. ನಮ್ಮ ದೇಶದ ಕಾರುಗಳಿಗೆ ಅದರ ಮೊದಲ ಹಂತ 2010ರ ಏಪ್ರಿಲ್‌ನಲ್ಲಿ, ಎರಡನೇ ಹಂತ 2013ರ ಏಪ್ರಿಲ್‌ನಲ್ಲಿ ಬಂತು. ಹೊಗೆ ಹೆಚ್ಚಿಸಬಲ್ಲ ಯಾವುದೇ ದೋಷ ಕಂಡರೂ ಕಂಪ್ಯೂಟರ್ ಒಂದು ಕೋಡ್ ಬರೆದಿಟ್ಟು ಈ ದೀಪ ಹಚ್ಚುತ್ತದೆ. ದೀಪ ಸುಮ್ಮನೆ ಉರಿಯುತ್ತಿದ್ದು ಗಾಡಿ ಸರಿಯಾಗಿ ಓಡುತ್ತಿದ್ದರೆ ಗಾಬರಿ ಬೇಡ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆಯೇ ನೋಡಿ, ಎರಡು ಮೂರು ದಿನದೊಳಗೆ ತೋರಿಸಿ. ದೀಪ ಮಿಣುಕುತ್ತಿದ್ದರೆ, ಗಾಡಿ ಕುಲುಕುತ್ತಿದ್ದರೆ, ಸಿಲಿಂಡರಿನಲ್ಲಿ ಸರಿಯಾಗಿ ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ದುಬಾರಿಯಾದ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಎಂದರ್ಥ. ವೇಗ ತಗ್ಗಿಸಿ, ಆದಷ್ಟು ಬೇಗ ನಿಲ್ಲಿಸಿ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಕೋಡ್ ಅಳಿಸಿದ ಮಾತ್ರಕ್ಕೆ ರೋಗ ವಾಸಿಯಾಗುವುದಿಲ್ಲ. ಅಳಿಸುವ ಮೊದಲು ಕೋಡಿನ ಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಅದೇ ಕೋಡ್ ಮತ್ತೆ ಬಂದರೆ ಬೇರು ಇನ್ನೂ ಇದೆ ಎಂದು. ಭದ್ರಾ ನಾಲೆಯ ಗದ್ದೆಗಳ ನಡುವೆ ಬದುಕುವ ನಮಗೆ ಇನ್ನೊಂದು ಕಾರಣವೂ ಗೊತ್ತಿರಬೇಕು. ಭತ್ತದ ಕೊಯ್ಲು ಮುಗಿದ ಮೇಲೆ ಇಲಿಗಳು ಬೆಚ್ಚಗಿನ ಬಾನೆಟ್ ಒಳಗೆ ಸೇರಿ ವೈರ್ ಕಡಿಯುತ್ತವೆ. ಒಂದು ವೈರ್ ತುಂಡಾದರೆ ಸಂಬಂಧವಿಲ್ಲದ ಮೂರು ದೀಪಗಳು ಒಟ್ಟಿಗೆ ಹೊತ್ತಬಹುದು. ದುಬಾರಿ ಸೆನ್ಸರ್ ಬದಲಿಸುವ ಮೊದಲು ವೈರ್ ನೋಡಿಸಿ.

ಬಿಎಸ್ 6 ಡೀಸೆಲ್ ಕಾರಿನವರು ಗಮನಿಸಬೇಕಾದದ್ದು ಡಿಪಿಎಫ್ ದೀಪ, ಪೆಟ್ಟಿಗೆಯೊಳಗೆ ಚುಕ್ಕೆಗಳಿರುವ ಹಳದಿ ಚಿತ್ರ. ಹೊಗೆಯ ಮಸಿಯನ್ನು ಹಿಡಿದಿಡುವ ಜರಡಿ ಅದು. ಆ ಮಸಿ ಸುಟ್ಟು ಹೋಗಲು ಸೈಲೆನ್ಸರ್ ಚೆನ್ನಾಗಿ ಕಾಯಬೇಕು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಶಾಲೆಗೆ ಎಂದು ಪೇಟೆಯೊಳಗೇ ಎರಡೆರಡು ಕಿಲೋಮೀಟರ್ ಓಡಾಡುವ ಗಾಡಿಯಲ್ಲಿ ಅದು ಕಾಯುವುದೇ ಇಲ್ಲ, ಮಸಿ ತುಂಬಿಕೊಳ್ಳುತ್ತದೆ. ದೀಪ ಬಂದರೆ ಹೆದ್ದಾರಿ ಹಿಡಿದು, ಒಂದೇ ವೇಗದಲ್ಲಿ, ನಿಲ್ಲಿಸದೆ ಹದಿನೈದು ಇಪ್ಪತ್ತು ನಿಮಿಷ ಓಡಿಸಿ. ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಬಂದರೆ ಸಾಕಾಗುವಷ್ಟು. ಎಣ್ಣೆ ದೀಪ ಬಂದಾಗ ಇಂಜಿನ್ ಕೊಲ್ಲುವ ಅದೇ ದೂರ, ಈ ದೀಪಕ್ಕೆ ಮದ್ದು. ಯಾವ ದೀಪ ಎಂದು ತಿಳಿದಿರಬೇಕು ಎನ್ನುವುದು ಇದಕ್ಕೇ.

ಏರ್‌ಬ್ಯಾಗ್ ದೀಪ ಉರಿಯುತ್ತಿದ್ದರೆ ಗಾಡಿ ಓಡುತ್ತದೆ, ಆದರೆ ಅಪಘಾತವಾದಾಗ ಬ್ಯಾಗ್ ತೆರೆದುಕೊಳ್ಳದಿರಬಹುದು. ಎಷ್ಟೋ ಸಲ ಕಾರಣ ಸೀಟಿನಡಿಯ ಸಡಿಲ ಕನೆಕ್ಟರ್ ಅಷ್ಟೇ. ಆದರೂ ನೀವೇ ಕೈ ಹಾಕಬೇಡಿ, ಬಲ್ಲವರಿಂದ ಮಾಡಿಸಿ.

ಹೊತ್ತದ ದೀಪವೂ ಸುಳಿವೇ

ಕೀ ಆನ್ ಮಾಡಿ ಇಂಜಿನ್ ಶುರು ಮಾಡುವ ಮೊದಲು ಎಲ್ಲ ಎಚ್ಚರಿಕೆ ದೀಪಗಳೂ ಒಮ್ಮೆ ಬೆಳಗಬೇಕು. ಏರ್‌ಬ್ಯಾಗ್, ಎಬಿಎಸ್ ಕೆಲವು ಸೆಕೆಂಡಿನಲ್ಲಿ ಆರುತ್ತವೆ. ಎಣ್ಣೆ, ಬ್ಯಾಟರಿ, ಇಂಜಿನ್ ದೀಪಗಳು ಇಂಜಿನ್ ಶುರುವಾದ ಮೇಲೆ ಆರುತ್ತವೆ. ಹಳೆ ಕಾರು ಕೊಳ್ಳುವಾಗ ಇದು ನಿಮ್ಮ ಮೊದಲ ಪರೀಕ್ಷೆಯಾಗಲಿ. ಬೆಳಗಬೇಕಾದ ದೀಪ ಬೆಳಗದಿದ್ದರೆ, ದೋಷ ಮುಚ್ಚಲು ಯಾರೋ ಬಲ್ಬನ್ನೇ ತೆಗೆದಿರಬಹುದು. ಅಂಥ ಗಾಡಿಗೆ ಮುಂಗಡ ಕೊಡಬೇಡಿ.

ಹೆಡ್‌ಲೈಟ್ ಚಿತ್ರದ ನೀಲಿ ದೀಪದ ಬಗ್ಗೆಯೂ ಒಂದು ಮಾತು. ಅದು ಹೈಬೀಮ್ ಉರಿಯುತ್ತಿದೆ ಎಂದು ಹೇಳುತ್ತದೆ. ನಿಮ್ಮ ಗಾಡಿಗೆ ಅದರಿಂದ ಏನೂ ಆಗದು. ಆದರೆ ಬಾತಿ ಕಡೆಯಿಂದ ಬೈಕಿನಲ್ಲಿ ಎದುರಾಗುವವರ ಕಣ್ಣಿಗೆ ಆ ಹೊತ್ತು ರಸ್ತೆಯೇ ಕಾಣುವುದಿಲ್ಲ. ಎದುರು ಗಾಡಿ ಕಂಡಾಗ ನೀಲಿ ಆರಿಸಿ.

ಹೆದ್ದಾರಿಯಲ್ಲಿ ನಿಲ್ಲಿಸಬೇಕಾಗಿ ಬಂದರೆ ಬಿಳಿ ಗೆರೆ ದಾಟಿ ಪೂರ್ತಿ ಎಡಕ್ಕೆ ಬನ್ನಿ, ಸಾಧ್ಯವಾದರೆ ಸರ್ವಿಸ್ ರಸ್ತೆಗೆ ಇಳಿಯಿರಿ. ನಾಲ್ಕೂ ಇಂಡಿಕೇಟರ್ ಹಾಕಿ. ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನವನ್ನು ಐವತ್ತು ಮೀಟರ್ ಹಿಂದಕ್ಕೆ ಇಡಿ. ಎಲ್ಲರನ್ನೂ ಇಳಿಸಿ, ಬೇಲಿಯಾಚೆ ನಿಲ್ಲಿಸಿ. ಕತ್ತಲಲ್ಲಿ ನಿಂತ ಕಾರಿನೊಳಗೆ ಯಾರೂ ಕೂರಬಾರದು. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತಿಗೆ 112. ಎರಡನ್ನೂ ಇವತ್ತೇ ಮೊಬೈಲಿನಲ್ಲಿ ಸೇರಿಸಿಡಿ.

ಕಾರಿನ ಕೈಪಿಡಿ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ, ಮನೆಯಲ್ಲಿ ಗಾಡಿ ಓಡಿಸುವ ಎಲ್ಲರೂ ಅದನ್ನು ಓದುವುದಿಲ್ಲ. ಈ ಭಾನುವಾರ ಒಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ಎಣ್ಣೆ ಗಿಂಡಿ, ಥರ್ಮಾಮೀಟರ್, ಬ್ಯಾಟರಿ, ಬ್ರೇಕ್ ಈ ನಾಲ್ಕು ಚಿತ್ರ ಬರೆದು, ಪಕ್ಕದಲ್ಲಿ ಕನ್ನಡದಲ್ಲಿ "ಕೆಂಪಾದರೆ ನಿಲ್ಲಿಸು" ಎಂದು ಬರೆದು ಗಾಡಿಯೊಳಗೆ ಇಡಿ. ನಮ್ಮ ಮನೆಯ ಕಾರಿನಲ್ಲಿ ಅಂಥ ಹಾಳೆಯೊಂದಿದೆ. ಬರೆದವರು ಅಪ್ಪ. ನಾಳೆ ಬೆಳಿಗ್ಗೆ ಕೀ ತಿರುಗಿಸಿದಾಗ ಎರಡು ಸೆಕೆಂಡ್ ನಿಂತು ಯಾವ ದೀಪ ಬಂತು, ಯಾವುದು ಹೋಯಿತು ಎಂದು ನೋಡಿ, ಆಮೇಲೆ ಹೊರಡಿ.